ಟಾಕ್ಸಿಕಾಲಜಿಯಲ್ಲಿ ಕೆಲಸ ಹಿಡಿಯುವುದು ಹೇಗೆ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಪಿಯು ಫಲಿತಾಂಶ ಬಂದ ಮೇಲೆ ಕಾರವಾರ, ಕುಮಟಾ, ಶಿರಸಿ, ಸಿದ್ದಾಪುರದ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. "ಟಾಕ್ಸಿಕಾಲಜಿ ಓದಬೇಕು, ಬಿಎಸ್ಸಿ ಟಾಕ್ಸಿಕಾಲಜಿ ಎಲ್ಲಿದೆ?" ಟಾಕ್ಸಿಕಾಲಜಿ ಅಂದರೆ ವಿಷ ಮತ್ತು ರಾಸಾಯನಿಕಗಳು ಜೀವಿಗಳಿಗೆ ಮಾಡುವ ಹಾನಿಯನ್ನು ಓದುವ ವಿಜ್ಞಾನ. ಹುಡುಕುತ್ತಾರೆ, ಹತ್ತಿರದಲ್ಲಿ ಸಿಗುವುದಿಲ್ಲ. ಕೆಲವರು ಅಲ್ಲಿಗೇ ಆಸೆ ಬಿಡುತ್ತಾರೆ. ಕೆಲವರು ಹೆಸರಿನಲ್ಲಿ ಹತ್ತಿರ ಕಾಣುವ ಯಾವುದೋ ದುಬಾರಿ ಕೋರ್ಸಿಗೆ ಸೇರುತ್ತಾರೆ. ಇನ್ನು ಕೆಲವರು ಸಿಕ್ಕ ಬಿಎಸ್ಸಿ ಮುಗಿಸುತ್ತಾರೆ. ಬಯಸಿದ ಸಂಸ್ಥೆಗೆ ಅರ್ಜಿ ಹಾಕುವ ಅರ್ಹತೆಯೇ ತಮಗಿಲ್ಲ ಎಂದು ಆಮೇಲೆ ಗೊತ್ತಾಗಿ ಕಂಗಾಲಾಗುತ್ತಾರೆ.

ಹೀಗೆ ಸಿಕ್ಕಿಬೀಳುವವರಲ್ಲಿ ಒಳ್ಳೆಯ ಅಂಕ ತೆಗೆದವರೇ ಜಾಸ್ತಿ. ಅವರು ಮೊದಲು ಕೋರ್ಸು ಹುಡುಕುತ್ತಾರೆ, ಆಮೇಲೆ ಕೆಲಸದ ಯೋಚನೆ ಮಾಡುತ್ತಾರೆ. ಟಾಕ್ಸಿಕಾಲಜಿಗೆ ಈ ಕ್ರಮ ಹೊಂದುವುದಿಲ್ಲ. ಇದು ಬೇರೆ ಪದವಿಗಳ ಬಾಗಿಲಿನಿಂದ ಒಳಗೆ ಹೋಗುವ ಕ್ಷೇತ್ರ. ಫಾರ್ಮಸಿ, ಪಶುವೈದ್ಯ, ವೈದ್ಯಕೀಯ, ರಸಾಯನಶಾಸ್ತ್ರ, ಜೀವಶಾಸ್ತ್ರ, ಹೀಗೆ ಬಾಗಿಲು ಹಲವು. ಯಾವ ಬಾಗಿಲು ಯಾವ ಕೋಣೆಗೆ ತೆರೆಯುತ್ತದೆ ಎಂದು ಮೊದಲೇ ತಿಳಿದಿರಬೇಕು. ಹಾಗಾಗಿ ಕೆಲಸದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಮೊದಲು ಕೆಲಸ, ಆಮೇಲೆ ಅದಕ್ಕೆ ಬೇಕಾದ ಸ್ನಾತಕೋತ್ತರ ಪದವಿ, ಆಮೇಲೆ ಅದರ ಪ್ರವೇಶ ಪರೀಕ್ಷೆ, ಆಮೇಲೆ ಪದವಿ, ಕೊನೆಗೆ ಪಿಯು ಕಾಂಬಿನೇಷನ್. ಕೆಳಗಿನ ಹಂತಗಳನ್ನು ಇದೇ ಕ್ರಮ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಗಟ್ಟಿ ಬೈಂಡಿಂಗಿನ ಒಂದು ನೋಟ್‌ಬುಕ್, ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್, ಇಂಟರ್ನೆಟ್ ಇರುವ ಫೋನ್ ಅಥವಾ ಕಂಪ್ಯೂಟರ್. ಎಕ್ಸೆಲ್ ಬಳಸಲು ಕಲಿಯಿರಿ. ಮುಂದೆ ಆರ್ ಎಂಬ ಉಚಿತ ಅಂಕಿಅಂಶ ಸಾಫ್ಟ್‌ವೇರ್ ಕಲಿತರೆ ಇನ್ನೂ ಒಳ್ಳೆಯದು.

ಇವುಗಳ ಜೊತೆ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಗಾಗಿ ಇರುವ ದೇಶಗಳ ಒಕ್ಕೂಟ) ಪರೀಕ್ಷಾ ಮಾರ್ಗಸೂಚಿಗಳು ಬೇಕು. ಒಂದು ರಾಸಾಯನಿಕ ಎಷ್ಟು ವಿಷಕಾರಿ ಎಂದು ಪರೀಕ್ಷಿಸುವ ವಿಧಾನವನ್ನು ಇವು ಅಕ್ಷರಶಃ ಹಂತ ಹಂತವಾಗಿ ಹೇಳುತ್ತವೆ. ಒಇಸಿಡಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್‌ಗೆ ಹೆದರಬೇಡಿ. ಇವುಗಳ ಭಾಷೆ ಸರಳ, ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ದಿನಕ್ಕೆ ಒಂದು ಪುಟ ಓದಿದರೂ ಆರು ತಿಂಗಳಲ್ಲಿ ಸಂದರ್ಶನದಲ್ಲಿ ಮಾತಾಡುವಷ್ಟು ಭಾಷೆ ಬಾಯಿಗೆ ಬರುತ್ತದೆ.

ಹಂತ 1: ಯಾವ ಕೆಲಸ ಎಂದು ಮೊದಲು ತೀರ್ಮಾನಿಸಿ

ಇಲ್ಲಿ ಆತುರ ಬೇಡ. ಟಾಕ್ಸಿಕಾಲಜಿ ಎಂಬ ಒಂದೇ ಹೆಸರಿನ ಅಡಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಕೆಲಸಗಳಿವೆ.

ಅತಿ ಹೆಚ್ಚು ಉದ್ಯೋಗ ಇರುವುದು ಸುರಕ್ಷತಾ ಪರೀಕ್ಷೆಯ ಲ್ಯಾಬುಗಳಲ್ಲಿ. ಹೊಸ ಔಷಧಿ, ಕೀಟನಾಶಕ, ಕೈಗಾರಿಕಾ ರಾಸಾಯನಿಕ ಮಾರುಕಟ್ಟೆಗೆ ಬರುವ ಮೊದಲು ಅದನ್ನು ಇಲಿ, ಮೊಲ, ಮೀನು, ಬ್ಯಾಕ್ಟೀರಿಯಾ, ಕೋಶಗಳ ಮೇಲೆ ಪರೀಕ್ಷಿಸಿ ವರದಿ ಕೊಡಬೇಕು. ಬೆಂಗಳೂರು ಸುತ್ತಮುತ್ತ ಇಂಥ ಲ್ಯಾಬುಗಳಿವೆ. ಇವು ಜಿಎಲ್‌ಪಿ, ಅಂದರೆ ಉತ್ತಮ ಪ್ರಯೋಗಾಲಯ ಪದ್ಧತಿಯ ನಿಯಮದಂತೆ ನಡೆಯುತ್ತವೆ. 2011ರಿಂದ ಭಾರತ ಒಇಸಿಡಿಯ ದತ್ತಾಂಶ ಪರಸ್ಪರ ಮಾನ್ಯತೆ ಒಪ್ಪಂದದ ಪೂರ್ಣ ಭಾಗಿ. ಅಂದರೆ ಇಲ್ಲಿನ ಜಿಎಲ್‌ಪಿ ಲ್ಯಾಬಿನ ವರದಿಯನ್ನು ಒಪ್ಪಂದದಲ್ಲಿರುವ ಇತರ ದೇಶಗಳೂ ಒಪ್ಪಬೇಕು. ಈ ಲ್ಯಾಬುಗಳಿಗೆ ಹೊರದೇಶದ ಕೆಲಸ ಬರಲು ಅದೊಂದು ದೊಡ್ಡ ಕಾರಣ.

ಎರಡನೆಯದು ವಿಧಿವಿಜ್ಞಾನ. ಅನುಮಾನಾಸ್ಪದ ಸಾವಿನಲ್ಲಿ ಹೊಟ್ಟೆಯಲ್ಲಿದ್ದ ಪದಾರ್ಥ, ಯಕೃತ್ತು, ಮೂತ್ರಪಿಂಡ, ರಕ್ತ ಲ್ಯಾಬಿಗೆ ಬರುತ್ತವೆ. ಅದರಲ್ಲಿ ಯಾವ ವಿಷ ಇದೆ, ಎಷ್ಟಿದೆ ಎಂದು ಕಂಡುಹಿಡಿದು ಕೋರ್ಟಿಗೆ ಹೇಳಬೇಕು. ಟಿವಿಯಲ್ಲಿ ನೋಡಿ ಇದರ ಮೇಲೆ ಆಸೆ ಪಡುವವರು ತುಂಬಾ ಜನ. ನಿಜವಾದ ಕೆಲಸದ ಬಹುಪಾಲು ರಸಾಯನಶಾಸ್ತ್ರ. ಮಾದರಿಯಿಂದ ವಿಷವನ್ನು ಬೇರ್ಪಡಿಸುವುದು, ಪದಾರ್ಥಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್‌ನಂಥ ಯಂತ್ರ ನಡೆಸುವುದು, ದಾಖಲೆ ಬರೆಯುವುದು. ರಸಾಯನಶಾಸ್ತ್ರ ಕಂಡರೆ ಆಗದವರು ಈ ಕಡೆ ಬರಬೇಡಿ.

ಮೂರನೆಯದು ಆಸ್ಪತ್ರೆ. ಕೀಟನಾಶಕ ಕುಡಿದವರು, ಹಾವು ಕಚ್ಚಿದವರು, ತಪ್ಪಿ ಸೀಮೆಎಣ್ಣೆ ಕುಡಿದ ಮಕ್ಕಳು, ಇವರನ್ನು ಉಳಿಸುವ ಕೆಲಸ. ಇದಕ್ಕೆ ಎಂಬಿಬಿಎಸ್ ಬೇಕೇ ಬೇಕು. ಆಮೇಲೆ ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂಡಿ ಮಾಡಬಹುದು. ಫೊರೆನ್ಸಿಕ್ ಮೆಡಿಸಿನ್ ಮತ್ತು ಟಾಕ್ಸಿಕಾಲಜಿ ಎಂಬ ಎಂಡಿಯೂ ಇದೆ. ಆದರೆ ಅದರಲ್ಲಿ ಶವಪರೀಕ್ಷೆ, ಕಾನೂನಿನ ಕೆಲಸ ಜಾಸ್ತಿ, ಗೊತ್ತಿರಲಿ. ನಮ್ಮ ಜಿಲ್ಲೆಗೆ ಇಂಥ ವೈದ್ಯರು ಎಷ್ಟು ಬೇಕು ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಭಾರತದಲ್ಲಿ ಕೊಡುವ ಹಾವಿನ ವಿಷದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಇರುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಇದು ಗೊತ್ತಿರುವ ವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದರೆ ಜೀವ ಉಳಿಯುತ್ತದೆ.

ನಾಲ್ಕನೆಯದು ಪರಿಸರ. ಕರಾವಳಿಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಘನಾಶಿನಿಯ ಬಳಚು ನೀರನ್ನು ಸೋಸಿ ಬದುಕುವ ಚಿಪ್ಪುಜೀವಿ. ನೀರಿನಲ್ಲಿ ಇರುವ ಸೀಸ, ಕ್ಯಾಡ್ಮಿಯಂ, ಪಾದರಸ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಒಂದು ಅಳಿವೆಯ ಆರೋಗ್ಯ ತಿಳಿಯಲು ಬಳಚನ್ನು ಪರೀಕ್ಷಿಸುತ್ತಾರೆ. ಕಾಳಿ ಅಳಿವೆ, ಬಂದರು, ಬೋಟುಗಳ ಎಣ್ಣೆ, ದಾಂಡೇಲಿಯ ಕಾಗದದ ಕಾರ್ಖಾನೆ, ಬಿಣಗಾದ ರಾಸಾಯನಿಕ ಉದ್ಯಮ, ಕೈಗಾ ಅಣುಸ್ಥಾವರ, ಘಟ್ಟದ ಮೇಲಿನ ಅಡಿಕೆ ತೋಟ, ಇಷ್ಟೂ ಒಂದೇ ಜಿಲ್ಲೆಯಲ್ಲಿ ಇರುವಾಗ ಕಲಿಯಲು ಬೇರೆ ಊರಿಗೆ ಹೋಗಬೇಕಾಗಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅದೇ ಊರಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ. ಕೈಗಾದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಇದೆ. ಕಾರವಾರದವರಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಐದನೆಯದು ಆಹಾರ. ಕೀಟನಾಶಕದ ಉಳಿಕೆ, ಬಣ್ಣ, ಶಿಲೀಂಧ್ರದ ವಿಷ ಪರೀಕ್ಷಿಸುವ ಕೆಲಸ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಈ ಕ್ಷೇತ್ರದ ದೊಡ್ಡ ಹೆಸರು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಡೆಸುವ ಆಹಾರ ವಿಶ್ಲೇಷಕರ ಪರೀಕ್ಷೆ ಪಾಸಾದರೆ ಸರ್ಕಾರಿ ಮತ್ತು ಖಾಸಗಿ ಎರಡೂ ಕಡೆ ಬೆಲೆ ಇದೆ.

*ಇಲ್ಲಿ ಆಗುವ ತಪ್ಪು:* "ಯಾವುದಾದರೂ ಆಗಬಹುದು" ಎಂದು ಮುಂದೆ ಹೋಗುವುದು. ಐದರಲ್ಲಿ ಒಂದನ್ನು ಮೊದಲ ಆಯ್ಕೆ, ಇನ್ನೊಂದನ್ನು ಎರಡನೇ ಆಯ್ಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಮನಸ್ಸು ಒಪ್ಪುತ್ತದೆಯೇ ಎಂದು ಈಗಲೇ ಕೇಳಿಕೊಳ್ಳಿ. ಒಪ್ಪದಿದ್ದರೆ ಅದೇನೂ ದೋಷ ಅಲ್ಲ. ವಿಧಿವಿಜ್ಞಾನ, ಆಹಾರ, ಕೋಶಗಳ ಮೇಲಿನ ಪರೀಕ್ಷೆ, ಕಂಪ್ಯೂಟರ್ ಮಾದರಿ, ಇವು ಇದ್ದೇ ಇವೆ.

ಹಂತ 2: ಅರ್ಹತೆಯ ಪುಟ ಓದಿ, ಅಲ್ಲಿಂದ ಹಿಂದಕ್ಕೆ ಬನ್ನಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಮೊಹಾಲಿ, ಹೈದರಾಬಾದ್ ಮೊದಲಾದ ಕಡೆ ಇರುವ ನೈಪರ್ (ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಸ್ಥೆಗಳಲ್ಲಿ ಔಷಧಶಾಸ್ತ್ರ ಮತ್ತು ಟಾಕ್ಸಿಕಾಲಜಿ, ರೆಗ್ಯುಲೇಟರಿ ಟಾಕ್ಸಿಕಾಲಜಿ ಎಂಬ ಎಂಎಸ್ ಕೋರ್ಸುಗಳಿವೆ. ಹೆಸರು ನೋಡಿ ಬಿಎಸ್ಸಿ ವಿದ್ಯಾರ್ಥಿಗಳು ವರ್ಷಗಟ್ಟಲೆ ಅದಕ್ಕೆ ಕಾಯುತ್ತಾರೆ. ಈ ಕೋರ್ಸುಗಳಿಗೆ ಸಾಮಾನ್ಯವಾಗಿ ಬಿ.ಫಾರ್ಮ್, ಪಶುವೈದ್ಯ ಪದವಿ ಅಥವಾ ಎಂಬಿಬಿಎಸ್ ಆದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಬಿ.ಫಾರ್ಮ್‌ನವರಿಗೆ ಜಿಪ್ಯಾಟ್ ಎಂಬ ಫಾರ್ಮಸಿ ಪರೀಕ್ಷೆಯ ಅರ್ಹತೆಯೂ ಬೇಕು. ಬಿಎಸ್ಸಿ ಪ್ರಾಣಿಶಾಸ್ತ್ರದಲ್ಲಿ ಚಿನ್ನದ ಪದಕ ಬಂದರೂ ಅರ್ಜಿ ಮುಂದೆ ಹೋಗುವುದಿಲ್ಲ.

ಹಾಗಂತ ಬಿಎಸ್ಸಿಯವರಿಗೆ ದಾರಿ ಮುಚ್ಚಿದೆ ಎಂದಲ್ಲ. ಅವರ ಬಾಗಿಲು ಬೇರೆ. ಜೀವರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಕಡಲ ಜೀವಶಾಸ್ತ್ರ, ವಿಧಿವಿಜ್ಞಾನ, ಇವುಗಳಲ್ಲಿ ಎಂಎಸ್ಸಿ ಮಾಡಿ ಒಳಗೆ ಬರುತ್ತಾರೆ. ದೆಹಲಿಯ ಜಾಮಿಯಾ ಹಮ್‌ದರ್ದ್‌ನಲ್ಲಿ ಟಾಕ್ಸಿಕಾಲಜಿಯಲ್ಲೇ ಎಂಎಸ್ಸಿ ಇದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿರುವುದು ನಮ್ಮ ಜಿಲ್ಲೆಯವರಿಗೆ ದೊಡ್ಡ ಅನುಕೂಲ. ಶಿರಸಿ, ಯಲ್ಲಾಪುರದಿಂದ ಬಸ್ಸಿನಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರ.

ಪಶುವೈದ್ಯ ಪದವಿಯ ಬಗ್ಗೆ ಒತ್ತಿ ಹೇಳಬೇಕು. ದನ, ಎಮ್ಮೆ ಡಾಕ್ಟರ್ ಆಗುವುದಕ್ಕೆ ಮಾತ್ರ ಅದು ಎಂದು ಘಟ್ಟದ ಮೇಲೆ ಇನ್ನೂ ತಿಳಿದಿದ್ದಾರೆ. ಆದರೆ ಸುರಕ್ಷತಾ ಪರೀಕ್ಷೆಯ ಲ್ಯಾಬುಗಳಲ್ಲಿ ಪ್ರಾಣಿಯ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಾನಿ ಹೇಳುವ ರೋಗಶಾಸ್ತ್ರಜ್ಞರಿಗೆ ಬಹಳ ಬೇಡಿಕೆ. ಅವರು ಬರುವುದೇ ಪಶುವೈದ್ಯ ರೋಗಶಾಸ್ತ್ರದ ಸ್ನಾತಕೋತ್ತರ ಪದವಿಯಿಂದ. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರು, ಬೀದರ್, ಹಾಸನ, ಶಿವಮೊಗ್ಗ, ಗದಗದಲ್ಲಿ ಕಾಲೇಜುಗಳಿವೆ. ಶಿರಸಿಯವರಿಗೆ ಶಿವಮೊಗ್ಗ ಹತ್ತಿರ.

ಈ ಹಂತದಲ್ಲಿ ಮಾಡಬೇಕಾದ ಕೆಲಸ ಒಂದೇ. ನೀವು ಬಯಸುವ ಮೂರು ಸಂಸ್ಥೆಗಳ ಈ ವರ್ಷದ ಪ್ರವೇಶ ಪುಸ್ತಿಕೆ ಇಳಿಸಿಕೊಂಡು ಅರ್ಹತೆಯ ಪುಟ ಮಾತ್ರ ಓದಿ. ಯಾವ ಪದವಿ, ಯಾವ ವಿಷಯ, ಎಷ್ಟು ಶೇಕಡಾ, ಯಾವ ಪರೀಕ್ಷೆ ಎಂಬ ನಾಲ್ಕನ್ನು ಬರೆದುಕೊಳ್ಳಿ. ಅಣ್ಣನ ಗೆಳೆಯ ಹೇಳಿದ್ದು, ಎರಡು ವರ್ಷ ಹಳೆಯ ವಿಡಿಯೋದಲ್ಲಿ ಕೇಳಿದ್ದು ನಂಬಬೇಡಿ. ನಿಯಮ ಬದಲಾಗುತ್ತಲೇ ಇರುತ್ತವೆ.

ಹಂತ 3: ಪಿಯು ಮತ್ತು ಪದವಿಯ ವಿಷಯ

ಪಿಯುನಲ್ಲಿ ಪಿಸಿಎಂಬಿ ತೆಗೆದುಕೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಪಶುವೈದ್ಯ ಮುಚ್ಚಿದಂತೆ. ಬಿ.ಫಾರ್ಮ್ ಮತ್ತು ರಸಾಯನಶಾಸ್ತ್ರದ ದಾರಿ ಉಳಿಯುತ್ತದೆ.

ಬಿ.ಫಾರ್ಮ್, ಪಶುವೈದ್ಯ ಸೀಟುಗಳು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹಂಚಿಕೆಯಾಗುತ್ತವೆ. ಯಾವ ಪರೀಕ್ಷೆಯ ರ‍್ಯಾಂಕ್ ನೋಡುತ್ತಾರೆ ಎಂದು ಆ ವರ್ಷದ ಪುಸ್ತಿಕೆಯಲ್ಲೇ ಖಚಿತ ಮಾಡಿಕೊಳ್ಳಿ.

ಬಿಎಸ್ಸಿ ಮಾಡುವವರು ಊರು ಬಿಡಲೇಬೇಕು ಎಂದೇನಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿಯ ಕಾಲೇಜುಗಳಲ್ಲಿ ಮಾಡಿದ ಬಿಎಸ್ಸಿ ಸಾಕು. ಒಂದೇ ಷರತ್ತು, ರಸಾಯನಶಾಸ್ತ್ರ ಬಿಡಬಾರದು. ಗೇಟ್ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆಯಲ್ಲೂ ರಸಾಯನಶಾಸ್ತ್ರ ಕಡ್ಡಾಯ ಭಾಗ. "ನಮ್ಮ ಮಾಣಿಗೆ ಕೆಮಿಸ್ಟ್ರಿ ಕಷ್ಟ, ಬಯಾಲಜಿ ಎರಡು ವಿಷಯ ಇರಲಿ" ಎಂದು ಪಾಲಕರು ಬದಲಾಯಿಸಿ ಕೊಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ವಿಷ ದೇಹದೊಳಗೆ ಏನು ಮಾಡುತ್ತದೆ ಎನ್ನುವುದು ಜೀವಶಾಸ್ತ್ರ. ಅದು ಅಲ್ಲಿ ಇದೆ ಎಂದು ತೋರಿಸುವುದು ರಸಾಯನಶಾಸ್ತ್ರ. ಎರಡೂ ಬೇಕು. ಅಂಕಿಅಂಶಶಾಸ್ತ್ರ ಐಚ್ಛಿಕವಾಗಿ ಸಿಕ್ಕರೆ ಎರಡು ಸಲ ಯೋಚಿಸದೆ ತೆಗೆದುಕೊಳ್ಳಿ.

ಹಂತ 4: ಪದವಿಯಲ್ಲಿರುವಾಗಲೇ ಕೈ ಪಳಗಿಸಿ

ಎಂಎಸ್ಸಿ ಸಂದರ್ಶನದಲ್ಲಿ ನಮ್ಮ ಕಡೆಯ ಮಕ್ಕಳು ಹಿಂದೆ ಬೀಳುವುದು ಜ್ಞಾನದಲ್ಲಿ ಅಲ್ಲ, ಕೈಕೆಲಸದಲ್ಲಿ. ಇದನ್ನು ಸರಿಪಡಿಸಲು ದೊಡ್ಡ ಯಂತ್ರ ಬೇಡ.

ಮೊದಲು ಲೆಕ್ಕ. 200 ಗ್ರಾಂ ತೂಕದ ಇಲಿಗೆ ಕೆಜಿಗೆ 50 ಮಿ.ಗ್ರಾಂ ಪ್ರಮಾಣದಲ್ಲಿ ಕೊಡಬೇಕು. ಆ ಇಲಿಗೆ ಎಷ್ಟು ಬೇಕು? 0.2 ಕೆಜಿ ಗುಣಿಸು 50, ಅಂದರೆ 10 ಮಿ.ಗ್ರಾಂ. ದ್ರಾವಣವನ್ನು ಕೆಜಿಗೆ 10 ಮಿ.ಲೀ.ನಂತೆ ಕೊಡುವುದಾದರೆ ಈ ಇಲಿಗೆ 2 ಮಿ.ಲೀ. ಆಗ ದ್ರಾವಣದ ಸಾಂದ್ರತೆ ಪ್ರತಿ ಮಿ.ಲೀ.ಗೆ 5 ಮಿ.ಗ್ರಾಂ ಇರಬೇಕು. ಇನ್ನೊಂದು: ಲೀಟರಿಗೆ 1000 ಮಿ.ಗ್ರಾಂ ಇರುವ ಮೂಲ ದ್ರಾವಣದಿಂದ ಲೀಟರಿಗೆ 10 ಮಿ.ಗ್ರಾಂ ಇರುವ 500 ಮಿ.ಲೀ. ಮಾಡಬೇಕು. 5 ಮಿ.ಲೀ. ತೆಗೆದು 500ಕ್ಕೆ ತುಂಬಿಸಿದರೆ ಆಯಿತು. ಇಂಥ ಲೆಕ್ಕವನ್ನು ಸಂದರ್ಶನದಲ್ಲಿ ಎದುರೇ ಮಾಡಿಸುತ್ತಾರೆ. ಗ್ರಾಂ ಅನ್ನು ಕೆಜಿಗೆ ತಿರುಗಿಸಲು ಮರೆತರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ. ನಿಜವಾದ ಲ್ಯಾಬಿನಲ್ಲಿ ಅದಕ್ಕೆ ಪ್ರಾಣಿಯ ಜೀವ ಹೋಗುತ್ತದೆ. ದಿನಾ ಎರಡು ಲೆಕ್ಕ ಮಾಡಿ.

ಆಮೇಲೆ ಈರುಳ್ಳಿ ಬೇರಿನ ಪರೀಕ್ಷೆ. ಇದು ಸುಮ್ನೆ ಶಾಲಾ ಪ್ರಯೋಗ ಅಲ್ಲ, ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ನೀರಿನ ವಿಷತ್ವ ನೋಡಲು ಬಳಸುತ್ತಾರೆ. ಒಂದೇ ಗಾತ್ರದ ಸಣ್ಣ ಈರುಳ್ಳಿ ತೆಗೆದುಕೊಂಡು, ತಳದ ಒಣ ಭಾಗವನ್ನು ನಯವಾಗಿ ಕೆರೆದು, ಪರೀಕ್ಷಾ ನಳಿಕೆಯ ಬಾಯಿಯ ಮೇಲೆ ತಳ ಮಾತ್ರ ನೀರಿಗೆ ತಾಗುವಂತೆ ಕೂರಿಸಿ. ನೀವು ಪರೀಕ್ಷಿಸುವ ವಸ್ತುವಿನ, ಉದಾಹರಣೆಗೆ ತಾಮ್ರದ ಲವಣದ, ಬೇರೆ ಬೇರೆ ಸಾಂದ್ರತೆಯ ಐದು ದ್ರಾವಣ, ಜೊತೆಗೆ ಏನೂ ಬೆರೆಸದ ಬರೀ ನೀರಿನ ಒಂದು ಗುಂಪು. ಪ್ರತಿ ಗುಂಪಿನಲ್ಲಿ ಕನಿಷ್ಠ ಐದು ಈರುಳ್ಳಿ. ಮೂರು ದಿನದ ನಂತರ ಬೇರಿನ ಉದ್ದ ಅಳೆಯಿರಿ. ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಮತ್ತು ಅಸಿಟೋಕಾರ್ಮಿನ್ ಬಣ್ಣ ಇದ್ದರೆ ಬೇರಿನ ತುದಿಯ ಕೋಶಗಳನ್ನೂ ನೋಡಿ. ಎಷ್ಟು ಕೋಶ ವಿಭಜನೆಯಾಗುತ್ತಿವೆ, ವರ್ಣತಂತುಗಳು ಮುರಿದಿವೆಯೇ ಎಂದು ಎಣಿಸಿ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಕಡಲಂಚಿನ ಬಾವಿಗಳ ನೀರು ಉಪ್ಪಾಗುತ್ತದೆ, ಅಲ್ವಾ? ಆ ನೀರಲ್ಲೇ ದ್ರಾವಣ ಮಾಡಿದರೆ ಉಪ್ಪಿನಿಂದಲೇ ಬೇರು ನಿಲ್ಲುತ್ತದೆ. ನೀವು ತಾಮ್ರದ ಪರಿಣಾಮ ಎಂದು ಬರೆಯುತ್ತೀರಿ. ಬರೀ ನೀರಿನ ಗುಂಪಿನಲ್ಲಿ ಬೇರು ಚೆನ್ನಾಗಿ ಬಂದಿಲ್ಲ ಎಂದರೆ ಇಡೀ ಪ್ರಯೋಗ ಬಿಟ್ಟು ಮತ್ತೆ ಮಾಡಬೇಕು. ಈ ಒಂದು ಪಾಠ ಟಾಕ್ಸಿಕಾಲಜಿಯ ಎಲ್ಲ ಪರೀಕ್ಷೆಗೂ ಅನ್ವಯ.

ಘಟ್ಟದ ಮೇಲಿನವರಿಗೆ ಮನೆಯ ತೋಟದಲ್ಲೇ ಪ್ರಾಜೆಕ್ಟ್ ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ತಾಮ್ರ ಸುಮಾರು ಕಾಲು ಭಾಗ. ಅಂದರೆ 100 ಲೀಟರಿಗೆ ಸುಮಾರು 250 ಗ್ರಾಂ ತಾಮ್ರ. ತಾಮ್ರ ಕೊಳೆತು ಹೋಗುವ ವಸ್ತು ಅಲ್ಲ, ಮಣ್ಣಿನಲ್ಲಿ ಉಳಿಯುತ್ತದೆ. ಹೆಚ್ಚಾದರೆ ಎರೆಹುಳಕ್ಕೂ ಹಳ್ಳದ ಮೀನಿಗೂ ತೊಂದರೆ. ಹಳೆಯ ತೋಟ, ಹೊಸ ತೋಟ, ಎಂದೂ ಔಷಧಿ ಹೊಡೆಯದ ಬೆಟ್ಟ, ಈ ಮೂರು ಕಡೆಯ ಮಣ್ಣಿನಲ್ಲಿ ತಾಮ್ರ ಎಷ್ಟಿದೆ ಎಂಬ ಪ್ರಶ್ನೆ ಒಂದು ಪೂರ್ಣ ಪದವಿ ಪ್ರಾಜೆಕ್ಟಿಗೆ ಸಾಕು. ಮಣ್ಣು ಪರೀಕ್ಷೆಯ ಬಗ್ಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಆಮ್ಲದಲ್ಲಿ ಮಣ್ಣು ಕರಗಿಸುವ ಕೆಲಸವನ್ನು ಲ್ಯಾಬಿನಲ್ಲಿ, ಹೊಗೆಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನ ಒಳಗೆ ಮಾತ್ರ ಮಾಡಿ. ಮನೆಯಲ್ಲಿ ಖಂಡಿತ ಬೇಡ. ಉಳಿದ ತಾಮ್ರದ ದ್ರಾವಣವನ್ನು ಗದ್ದೆಗೋ ಹಳ್ಳಕ್ಕೋ ಚೆಲ್ಲಬೇಡಿ.

ಇನ್ನು ಮರಕ್ಕೆ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಚರ್ಮಕ್ಕೆ, ಕಣ್ಣಿಗೆ ಎಷ್ಟು ತಾಗುತ್ತದೆ ಎಂಬ ಪ್ರಶ್ನೆಯನ್ನು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ನನ್ನ ಆಸೆ. ನಮ್ಮ ತೋಟ ನಡೆಯುತ್ತಿರುವುದು ಅವರಿಂದ.

ಅಡಿಕೆಯ ವಿಷಯಕ್ಕೆ ಬಂದಾಗ ಇನ್ನೊಂದು ಮಾತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಗುಂಪು 1ರಲ್ಲಿ ಇಟ್ಟಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದರ್ಥ. ಈ ಗುಂಪು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಎಷ್ಟು ಜಗಿದರೆ ಎಷ್ಟು ಅಪಾಯ ಎಂದು ಹೇಳುವುದಿಲ್ಲ. ಅದನ್ನು ಬೇರೆ ಅಧ್ಯಯನಗಳಿಂದ ಲೆಕ್ಕ ಹಾಕಬೇಕು. ಅಡಿಕೆ ಬೆಳೆಯುವ ಮನೆಯಿಂದ ಬಂದವರನ್ನು ಸಂದರ್ಶನದಲ್ಲಿ ಇದರ ಬಗ್ಗೆ ಕೇಳಬಹುದು. ಕೋಪ ಮಾಡಿಕೊಳ್ಳದೆ, ಪುರಾವೆ ಅಲ್ಲಗಳೆಯದೆ, ಈ ಎರಡರ ವ್ಯತ್ಯಾಸ ಸರಿಯಾಗಿ ಹೇಳಿದರೆ ನೀವು ಟಾಕ್ಸಿಕಾಲಜಿ ಅರ್ಥ ಮಾಡಿಕೊಂಡಿದ್ದೀರಿ ಎಂದು ಅವರಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಜಗಿಯುವ ಹಿರಿಯರಿಗೂ ಇದೇ ನಿಜವನ್ನು ಹೇಳುವ ಧೈರ್ಯ ಇರಬೇಕು.

*ಅಪಾಯದ ಸೂಚನೆ:* ಇಲಿ, ಮೀನು, ಕಪ್ಪೆಗಳ ಮೇಲೆ ಮನೆಯಲ್ಲೋ ಹಾಸ್ಟೆಲಿನಲ್ಲೋ ಪ್ರಯೋಗ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು. ಅನುಮತಿ ಇಲ್ಲದ ಕೆಲಸವನ್ನು ಮುಂದೆ ಯಾವ ಒಳ್ಳೆಯ ಪತ್ರಿಕೆಯೂ ಪ್ರಕಟಿಸುವುದಿಲ್ಲ.

ಹಂತ 5: ಪ್ರವೇಶ ಪರೀಕ್ಷೆಗಳು

ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಎಸ್ಸಿಗೆ ಸಿಯುಇಟಿ-ಪಿಜಿ, ಐಐಟಿಗಳಿಗೆ ಜಾಮ್, ವಿಧಿವಿಜ್ಞಾನಕ್ಕೆ ಆ ವಿಶ್ವವಿದ್ಯಾಲಯದ ಪರೀಕ್ಷೆ, ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅವುಗಳದೇ ಪ್ರಕ್ರಿಯೆ. ಸಂಶೋಧನೆಗೆ ಸಿಎಸ್‌ಐಆರ್-ನೆಟ್, ಗೇಟ್, ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿಯ (ಜೈವಿಕ ತಂತ್ರಜ್ಞಾನ ಇಲಾಖೆ) ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಮನೆಯಿಂದ ದುಡ್ಡು ತರದೆ ಪಿಎಚ್‌ಡಿ ಮಾಡಬಹುದು ಎಂದು ಪಾಲಕರಿಗೆ ಇದನ್ನು ತೋರಿಸಿ.

ನಮ್ಮ ಜಿಲ್ಲೆಯವರು ಸೋಲುವುದು ಪರೀಕ್ಷೆಯಲ್ಲಿ ಮಾತ್ರ ಅಲ್ಲ, ದಿನಾಂಕದಲ್ಲೂ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ನಂಬುವ ಹಾಗಿಲ್ಲ. ಕೊನೆಯ ದಿನ ಅರ್ಜಿ ಹಾಕಲು ಕೂರಬೇಡಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ. ಕೇಂದ್ರದ ಸಂಸ್ಥೆಗಳಿಗೆ ಒಬಿಸಿ ಪ್ರಮಾಣಪತ್ರದ ನಮೂನೆ ರಾಜ್ಯದ್ದಕ್ಕಿಂತ ಬೇರೆ. ಸೀಟು ಸಿಕ್ಕಿದ ಮೇಲೆ ಈ ಒಂದು ಕಾಗದಕ್ಕೆ ತಹಶೀಲ್ದಾರ್ ಕಚೇರಿಗೆ ಓಡುವಂತಾಗಬಾರದು.

ಹಂತ 6: ಎಂಎಸ್ಸಿಯ ಪ್ರಬಂಧ ಎಲ್ಲಿ ಮಾಡುತ್ತೀರಿ

ಎಂಎಸ್ಸಿಯ ಅಂಕಕ್ಕಿಂತ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಹೆಚ್ಚು ಕೆಲಸ ಕೊಡಿಸುತ್ತದೆ. ಲಖನೌದ ಭಾರತೀಯ ಟಾಕ್ಸಿಕಾಲಜಿ ಸಂಶೋಧನಾ ಸಂಸ್ಥೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಮೈಸೂರಿನ ಸಿಎಫ್‌ಟಿಆರ್‌ಐ, ಗೋವಾದ ಸಮುದ್ರವಿಜ್ಞಾನ ಸಂಸ್ಥೆ, ಇಂಥ ಕಡೆ ಕೆಲವು ತಿಂಗಳು ಕೂತು ಬಂದವರ ಮಾತೇ ಬೇರೆ ಇರುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಪತ್ರ ಬರೆಯಲು ಶುರು ಮಾಡಿ. ನೂರು ಜನರಿಗೆ ಒಂದೇ ಇಮೇಲ್ ಕಳಿಸಿದರೆ ಉತ್ತರ ಬರುವುದಿಲ್ಲ. ಒಬ್ಬ ವಿಜ್ಞಾನಿಯ ಇತ್ತೀಚಿನ ಒಂದು ಲೇಖನ ಓದಿ, ಅದರ ಬಗ್ಗೆ ಒಂದು ನಿಜವಾದ ಪ್ರಶ್ನೆ ಬರೆದು, ನೀವು ಕೈಯಾರೆ ಮಾಡಬಲ್ಲ ಎರಡು ಕೆಲಸ ಹೇಳಿ. ಈರುಳ್ಳಿ ಪರೀಕ್ಷೆಯ ನೋಟ್‌ಬುಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ.

ಹಂತ 7: ಮೊದಲ ಕೆಲಸದ ಸಂದರ್ಶನ

ಪರೀಕ್ಷಾ ಲ್ಯಾಬಿಗೆ ಹೋಗುವವರು ಈ ಕೆಲವನ್ನು ನಿದ್ದೆಯಲ್ಲೂ ಹೇಳುವಂತಿರಬೇಕು. ಒಇಸಿಡಿ ಮಾರ್ಗಸೂಚಿ 423 ಮತ್ತು 425 ಬಾಯಿಯ ಮೂಲಕ ಕೊಡುವ ತೀವ್ರ ವಿಷತ್ವ ಪರೀಕ್ಷೆ. ದಿನಾ ಕೊಡುತ್ತಾ ಹೋಗಿ ನೋಡುವ ಪರೀಕ್ಷೆಗಳಲ್ಲಿ 407 ಅಂದರೆ 28 ದಿನ, 408 ಅಂದರೆ 90 ದಿನ. 471 ಬ್ಯಾಕ್ಟೀರಿಯಾದ ಮೇಲೆ ಮಾಡುವ ಏಮ್ಸ್ (Ames) ಪರೀಕ್ಷೆ. 203 ಮೀನು, 96 ಗಂಟೆ. 202 ಡ್ಯಾಫ್ನಿಯಾ ಎಂಬ ನೀರಿನ ಸಣ್ಣ ಜೀವಿ, 48 ಗಂಟೆ. ಹಳೆಯ 401ನೇ ಪರೀಕ್ಷೆಯನ್ನು 2002ರಲ್ಲಿ ಕೈಬಿಟ್ಟರು, ಏಕೆಂದರೆ ಅದರಲ್ಲಿ ತುಂಬಾ ಪ್ರಾಣಿಗಳು ಸಾಯುತ್ತಿದ್ದವು.

ಸುರಕ್ಷಿತ ಪ್ರಮಾಣದ ಲೆಕ್ಕವನ್ನೂ ಕೇಳುತ್ತಾರೆ. ಪ್ರಾಣಿಯಲ್ಲಿ ಕೆಟ್ಟ ಪರಿಣಾಮ ಕಾಣದ ಅತಿ ಹೆಚ್ಚಿನ ಪ್ರಮಾಣ ದಿನಕ್ಕೆ ಕೆಜಿಗೆ 5 ಮಿ.ಗ್ರಾಂ ಇದ್ದರೆ, ಸಾಮಾನ್ಯವಾಗಿ ಅದನ್ನು 100ರಿಂದ ಭಾಗಿಸಿ ಮನುಷ್ಯನಿಗೆ 0.05 ಎನ್ನುತ್ತೇವೆ. ಆ ನೂರು ಎಲ್ಲಿಂದ ಬಂತು? ಪ್ರಾಣಿ ಮತ್ತು ಮನುಷ್ಯನ ವ್ಯತ್ಯಾಸಕ್ಕೆ ಹತ್ತು, ಮನುಷ್ಯರಲ್ಲೇ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸಕ್ಕೆ ಹತ್ತು. ಸೂತ್ರ ಉರು ಹೊಡೆದವರು ಈ ಪ್ರಶ್ನೆಗೇ ನಿಲ್ಲುತ್ತಾರೆ.

ನೋಟ್‌ಬುಕ್ ಬರೆಯುವ ರೀತಿ ಈಗಿನಿಂದಲೇ ರೂಢಿಸಿಕೊಳ್ಳಿ. ಅಳಿಸಿ ಹೋಗದ ಪೆನ್ನು. ತಪ್ಪಾದರೆ ಒಂದೇ ಗೆರೆ, ಕೆಳಗಿನ ಬರಹ ಓದುವಂತೆ ಇರಬೇಕು. ಪಕ್ಕದಲ್ಲಿ ಸರಿಯಾದ ಅಂಕಿ, ಕಾರಣ, ಸಹಿ, ದಿನಾಂಕ. ವೈಟ್ನರ್ ಮುಟ್ಟಬಾರದು. ಮೊದಲು ಹಾಳೆಯಲ್ಲಿ ಗೀಚಿ ಆಮೇಲೆ ಚೆಂದ ಮಾಡಿ ಬರೆಯುವ ಅಭ್ಯಾಸ ಶಾಲೆಯಲ್ಲಿ ಒಳ್ಳೆಯದು. ಜಿಎಲ್‌ಪಿ ಲ್ಯಾಬಿನಲ್ಲಿ ಅದು ದೊಡ್ಡ ತಪ್ಪು. ಮೊದಲು ಬರೆದದ್ದೇ ಮೂಲ ದಾಖಲೆ.

ಹಣ ಕಟ್ಟುವ ಮೊದಲು ನೋಡಬೇಕಾದ ಅಪಾಯದ ಸೂಚನೆಗಳು

"ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಎಂದು ಜಾಹೀರಾತು ಇದ್ದರೆ ಮೊದಲು ಲ್ಯಾಬ್ ತೋರಿಸಿ ಎನ್ನಿ. ವಿಧಿವಿಜ್ಞಾನ ಪದವಿ ಕೊಡುವ ಕಾಲೇಜಿನಲ್ಲಿ ಜಿಸಿ-ಎಂಎಸ್‌ನಂಥ ಕ್ರೊಮ್ಯಾಟೊಗ್ರಫಿ ಯಂತ್ರ ಇದೆಯೇ, ವಿದ್ಯಾರ್ಥಿಗಳು ಅದನ್ನು ಮುಟ್ಟುತ್ತಾರೆಯೇ, ಗಾಜಿನ ಹಿಂದೆ ಇಟ್ಟು ತೋರಿಸುತ್ತಾರೆಯೇ? ಹಿಂದಿನ ಬ್ಯಾಚಿನ ಇಬ್ಬರ ಜೊತೆ ನೇರವಾಗಿ ಮಾತಾಡಿ. ಯುಜಿಸಿ ತನ್ನ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹಾಕುತ್ತದೆ, ಅದನ್ನು ನೋಡಿ. ಅಡಿಕೆ ಮಾರಿದ ದುಡ್ಡು, ಬೋಟಿನ ದುಡ್ಡು ಸುಲಭವಾಗಿ ಬಂದದ್ದಲ್ಲ.

ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟಿನಿಂದ ಟಾಕ್ಸಿಕಾಲಜಿಸ್ಟ್ ಆಗಬಹುದು ಎಂದರೆ ನಂಬಬೇಡಿ. ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಪ್ರಕಟಿಸುವ ಪತ್ರಿಕೆಗಳಿಂದ ದೂರ ಇರಿ. ಮುಂದೆ ಪಿಎಚ್‌ಡಿ ಸಂದರ್ಶನದಲ್ಲಿ ಅದು ನಿಮಗೇ ತಿರುಗಿ ಬೀಳುತ್ತದೆ. ಕೆಲಸ ಕೊಡುವಾಗ ಮೂಲ ಅಂಕಪಟ್ಟಿ ತಮ್ಮಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವ ಲ್ಯಾಬಿಗೆ ಸಹಿ ಹಾಕುವ ಮೊದಲು ಕರಾರನ್ನು ತಿಳಿದವರಿಗೆ ತೋರಿಸಿ.

ಕೆಲಸಕ್ಕೆ ಸೇರಿದ ಮೇಲೆ

ಮೊದಲ ವರ್ಷ ಒಂದೇ ವಿಭಾಗದಲ್ಲಿ ಅಂಟಿಕೊಳ್ಳದೆ ಪ್ರಾಣಿಗೃಹ, ವಿಶ್ಲೇಷಣಾ ಲ್ಯಾಬ್, ಗುಣಮಟ್ಟ ಭರವಸೆ ವಿಭಾಗ, ಮೂರನ್ನೂ ನೋಡಲು ಕೇಳಿ. ಅನುಭವ ಬಂದ ಮೇಲೆ ಅಮೆರಿಕನ್ ಬೋರ್ಡ್ ಆಫ್ ಟಾಕ್ಸಿಕಾಲಜಿಯ ಪರೀಕ್ಷೆ ಬರೆದು ಡಿಎಬಿಟಿ, ಅಂದರೆ ಆ ಮಂಡಳಿಯ ಮಾನ್ಯತೆ ಪಡೆದ ಟಾಕ್ಸಿಕಾಲಜಿಸ್ಟ್ ಆಗಬಹುದು. ಯುರೋಪಿನಲ್ಲೂ ನೋಂದಾಯಿತ ಟಾಕ್ಸಿಕಾಲಜಿಸ್ಟ್ ಎಂಬ ಮಾನ್ಯತೆ ಇದೆ. ಎರಡಕ್ಕೂ ನೀವು ಮಾಡಿದ ಕೆಲಸದ ವಿವರ ಕೇಳುತ್ತಾರೆ. ಆದ್ದರಿಂದ ಸೇರಿದ ದಿನದಿಂದಲೇ ಒಂದು ಪಟ್ಟಿ ಇಟ್ಟುಕೊಳ್ಳಿ. ಯಾವ ಪರೀಕ್ಷೆ, ಯಾವ ಮಾರ್ಗಸೂಚಿ, ಅದರಲ್ಲಿ ನಿಮ್ಮ ಪಾಲಿನ ಕೆಲಸ ಏನು, ಯಾವ ತಿಂಗಳು. ಗ್ರಾಹಕರ ಹೆಸರು ಮತ್ತು ರಾಸಾಯನಿಕದ ಹೆಸರು ಮಾತ್ರ ಅದರಲ್ಲಿ ಬರೆಯಬೇಡಿ, ಅದು ಲ್ಯಾಬಿನ ಗುಟ್ಟು.